ತೋಡಿನ ಕಿರುಮೀನುಗಳನ್ನು ಗುರುತಿಸುವುದು: ವಸಂತಕಾಲದ ಒಂದು ಕ್ಷೇತ್ರಪಾಠ

ಪೀಠಿಕೆ

ಕಾಸರಗೋಡು ಜಿಲ್ಲೆ ನದಿಗಳ ನಾಡು. ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ, ಚಿತ್ತಾರಿ, ನೀಲೇಶ್ವರ, ಕಾರ್ಯಂಗೋಡು ಮೊದಲಾದ ಹೊಳೆಗಳು ಪೂರ್ವದಿಂದ ಪಶ್ಚಿಮಕ್ಕೆ ಹರಿದು ಅರಬ್ಬಿ ಸಮುದ್ರವನ್ನು ಸೇರುತ್ತವೆ. ಈ ಹೊಳೆಗಳಿಗೆ ನೀರೂಡುವ ತೋಡುಗಳು ನಮ್ಮ ಹೆಚ್ಚಿನ ಶಾಲೆಗಳಿಂದ ಕಾಲ್ನಡಿಗೆಯ ದೂರದಲ್ಲೇ ಇವೆ. ಆ ತೋಡುಗಳಲ್ಲಿ ಹಿಂಡುಹಿಂಡಾಗಿ ಚಲಿಸುವ ಬೆರಳುದ್ದದ ಮೀನುಗಳನ್ನು ನೋಡದ ಮಗು ವಿರಳ. ಬೈರಾಸಿನಲ್ಲಿ ಅವುಗಳನ್ನು ಹಿಡಿದು ಬಾಟಲಿಯಲ್ಲಿ ತುಂಬುವುದು, ಕೊರವ ಅಥವಾ ಮುಗುಡು ಹಿಡಿಯುವ ಗಾಳಕ್ಕೆ ಎರೆಯಾಗಿ ಸಿಕ್ಕಿಸುವುದು ಮಕ್ಕಳಿಗೆ ರೂಢಿ. ಆದರೆ ‘ಇದು ಯಾವ ಮೀನು?’ ಎಂದು ಕೇಳಿದರೆ ‘ಸಣ್ಣ ಮೀನು’ ಎಂಬ ಉತ್ತರವೇ ಬಹುತೇಕ ದೊರೆಯುತ್ತದೆ.

‘ಸಣ್ಣ ಮೀನು’ ಎಂಬ ಒಂದೇ ಮಾತಿನ ಅಡಿಯಲ್ಲಿ ಹತ್ತಾರು ಜಾತಿಗಳು ಅಡಗಿವೆ. ಅವುಗಳಲ್ಲಿ ಎಲ್ಲೆಡೆ ಸಿಗುವ ಸಾಮಾನ್ಯ ಮೀನುಗಳಿವೆ, ಪಶ್ಚಿಮ ಘಟ್ಟದ ಹೊರಗೆ ಎಲ್ಲಿಯೂ ಇಲ್ಲದ ಅಪೂರ್ವ ಮೀನುಗಳಿವೆ, ಸಮುದ್ರದಿಂದ ಬಂದ ಮರಿಗಳಿವೆ, ಹೊರದೇಶದಿಂದ ತಂದು ಬಿಟ್ಟ ಮೀನುಗಳೂ ಇವೆ. ಇವುಗಳನ್ನು ಬೇರೆಬೇರೆಯಾಗಿ ಕಾಣುವ ಕಣ್ಣನ್ನು ಮಕ್ಕಳಲ್ಲಿ ಬೆಳೆಸುವುದು ಈ ಪಾಠದ ಉದ್ದೇಶ. ಪರಿಸರ ಅಧ್ಯಯನ, ಮೂಲವಿಜ್ಞಾನ ಹಾಗೂ ಕನ್ನಡ ಭಾಷೆ ಈ ಮೂರು ವಿಷಯಗಳ ಅಧ್ಯಾಪಕರೂ ಇದನ್ನು ಒಟ್ಟಾಗಿ ನಿರ್ವಹಿಸಬಹುದು. ಹಿರಿಯ ಪ್ರಾಥಮಿಕ ತರಗತಿಗಳಿಗೆ ಇದು ಹೆಚ್ಚು ಸೂಕ್ತ.

ಕಲಿಕಾ ಸಾಧನೆಗಳು

1. ದೇಹದ ಆಕಾರ, ಬಾಯಿಯ ದಿಕ್ಕು, ಈಜುರೆಕ್ಕೆಗಳ ಸ್ಥಾನ ಮತ್ತು ಗುರುತುಗಳನ್ನು ಗಮನಿಸಿ ಕಿರುಮೀನುಗಳನ್ನು ವರ್ಗೀಕರಿಸುವುದು.
2. ಮೀನುಗಳು ಗುಂಪಾಗಿ ಚಲಿಸುವುದರ ಪ್ರಯೋಜನವನ್ನು ವಿವರಿಸುವುದು.
3. ಒಂದೇ ಮೀನಿಗೆ ವಿವಿಧ ಭಾಷೆಗಳಲ್ಲಿರುವ ಹೆಸರುಗಳನ್ನು ಸಂಗ್ರಹಿಸಿ, ಹೋಲಿಸಿ, ವೀಕ್ಷಣಾ ಟಿಪ್ಪಣಿಯನ್ನು ಕನ್ನಡದಲ್ಲಿ ರಚಿಸುವುದು.
4. ಬೇಸಗೆಯ ನೀರುಗುಂಡಿಗಳ ಸಂರಕ್ಷಣೆಯ ಅಗತ್ಯವನ್ನು ಕಾರಣಸಹಿತ ಮಂಡಿಸುವುದು.

ಸಮಯ ಮತ್ತು ಸ್ಥಳ

ಫೆಬ್ರವರಿ ಮೂರನೆಯ ವಾರದಿಂದ ಮಾರ್ಚ್ ಮೊದಲ ವಾರದವರೆಗಿನ ಅವಧಿ, ಅಂದರೆ ಕುಂಭ ಮಾಸ, ಈ ಪಾಠಕ್ಕೆ ಪ್ರಶಸ್ತ. ವಾರ್ಷಿಕ ಪರೀಕ್ಷೆಗೆ ಮುನ್ನ ಮುಗಿಸಬಹುದೆಂಬ ಅನುಕೂಲವಷ್ಟೇ ಇದಕ್ಕೆ ಕಾರಣವಲ್ಲ. ಮಳೆಗಾಲದಲ್ಲಿ ತೋಡಿನ ನೀರು ಕೆಂಪಗೆ ಕದಡಿರುತ್ತದೆ, ಸೆಳೆತವೂ ಅಪಾಯಕಾರಿ. ವಸಂತದ ಹೊತ್ತಿಗೆ ನೀರು ತಿಳಿಯಾಗಿ, ಹರಿವು ಸಣ್ಣದಾಗಿ, ಕೊನೆಗೆ ತೋಡು ಅಲ್ಲಲ್ಲಿ ಕಡಿದು ಗುಂಡಿಗಳಾಗಿ ಉಳಿಯುತ್ತದೆ. ಇಡೀ ತೋಡಿನಲ್ಲಿ ಹರಡಿಕೊಂಡಿದ್ದ ಮೀನುಗಳು ಈ ಗುಂಡಿಗಳಲ್ಲಿ ಒಟ್ಟುಗೂಡುತ್ತವೆ. ದಡದ ಮೇಲೆ ಕುಳಿತೇ ಅವುಗಳನ್ನು ಸ್ಪಷ್ಟವಾಗಿ ನೋಡಬಹುದು.

ನಮ್ಮ ಜಿಲ್ಲೆಯ ಏತಡ್ಕದಂತಹ ಊರುಗಳಲ್ಲಿ ಕೃಷಿಕರು ಮಳೆಗಾಲ ಕಳೆದ ಬಳಿಕ ತೋಡಿಗೆ ಅಡ್ಡಲಾಗಿ ‘ಕಟ್ಟ’ ಕಟ್ಟುವ ಪರಂಪರೆ ಇದೆ. ಅಡಿಕೆ ತೋಟಕ್ಕೆ ನೀರುಣಿಸಲು ಮತ್ತು ಅಂತರ್ಜಲ ಕಾಯ್ದುಕೊಳ್ಳಲು ಕಟ್ಟಿದ ಈ ಕಟ್ಟಗಳ ಹಿಂದೆ ನಿಂತ ನೀರು ಕಿರುಮೀನುಗಳಿಗೂ ಆಸರೆ. ಶಾಲೆಯ ಸಮೀಪ ಕಟ್ಟವಿದ್ದರೆ ಅದನ್ನೇ ವೀಕ್ಷಣಾ ಸ್ಥಳವಾಗಿ ಆರಿಸಿಕೊಳ್ಳುವುದು ಉತ್ತಮ.

ಅಧ್ಯಾಪಕರ ತಿಳಿವಳಿಕೆಗೆ

ಅ. ಗುಂಪಿನ ಗುಟ್ಟು

ಮೀನಿನ ದೇಹದ ಎರಡೂ ಬದಿಗಳಲ್ಲಿ ಪಾರ್ಶ್ವರೇಖೆ ಎಂಬ ಸಂವೇದನಾಂಗವಿದೆ. ನೀರಿನ ಅತಿ ಸಣ್ಣ ಕಂಪನವನ್ನೂ ಅದು ಗ್ರಹಿಸುತ್ತದೆ. ಪಕ್ಕದ ಮೀನು ತಿರುಗಿದೊಡನೆ ತಾನೂ ತಿರುಗಲು ಕಣ್ಣು ಮತ್ತು ಪಾರ್ಶ್ವರೇಖೆ ಎರಡೂ ನೆರವಾಗುತ್ತವೆ. ಆದ್ದರಿಂದಲೇ ನೂರು ಮೀನುಗಳ ಗುಂಪು ನಾಯಕನಿಲ್ಲದೆಯೂ ಒಂದೇ ಜೀವಿಯಂತೆ ಹೊರಳುತ್ತದೆ. ಮಿಂಚುಳ್ಳಿ ಮೇಲಿನಿಂದ ಎರಗಿದಾಗ ಅಥವಾ ಕೊರವ ಕೆಳಗಿನಿಂದ ನುಗ್ಗಿದಾಗ ಯಾವುದೋ ಒಂದನ್ನು ಗುರಿಯಿಡುವುದು ಬೇಟೆಗಾರನಿಗೆ ಕಷ್ಟವಾಗುತ್ತದೆ. ಹೆಚ್ಚು ಕಣ್ಣುಗಳಿರುವುದರಿಂದ ಅಪಾಯವೂ ಆಹಾರವೂ ಬೇಗ ತಿಳಿಯುತ್ತವೆ.

ಇಂತಹ ಮೀನುಗಳ ಬೆನ್ನು ಕಡುಬಣ್ಣದ್ದಾಗಿದ್ದು ಹೊಟ್ಟೆ ಬೆಳ್ಳಿಯಂತೆ ಹೊಳೆಯುವುದನ್ನು ಮಕ್ಕಳು ಗಮನಿಸಲಿ. ಮೇಲಿನಿಂದ ನೋಡುವ ಹಕ್ಕಿಗೆ ಕಡು ಬೆನ್ನು ತೋಡಿನ ತಳದೊಡನೆ ಬೆರೆತುಹೋಗುತ್ತದೆ. ಕೆಳಗಿನಿಂದ ನೋಡುವ ಮೀನಿಗೆ ಬಿಳಿ ಹೊಟ್ಟೆ ಬೆಳಕಿನ ಆಕಾಶದೊಡನೆ ಬೆರೆಯುತ್ತದೆ.

ಆ. ಗುರುತಿಸಲು ಐದು ಪ್ರಶ್ನೆಗಳು

ಬಣ್ಣವನ್ನು ಮಾತ್ರ ನಂಬಿ ಮೀನನ್ನು ಗುರುತಿಸುವುದು ಸರಿಯಲ್ಲ. ವಯಸ್ಸು, ಬೆಳಕು, ನೀರಿನ ಬಣ್ಣ ಮತ್ತು ಸಂತಾನೋತ್ಪತ್ತಿಯ ಕಾಲಕ್ಕನುಗುಣವಾಗಿ ಅದು ಬದಲಾಗುತ್ತದೆ. ಮಕ್ಕಳು ಕೆಳಗಿನ ಕ್ರಮದಲ್ಲಿ ಪ್ರಶ್ನಿಸಲು ಕಲಿಯಬೇಕು.

1. ಮೀನು ನೀರಿನ ಯಾವ ಮಟ್ಟದಲ್ಲಿದೆ: ಮೇಲ್ಮೈಯಲ್ಲೋ, ನಡುವೆಯೋ, ತಳದಲ್ಲೋ?
2. ಬಾಯಿ ಮೇಲ್ಮುಖವಾಗಿದೆಯೋ, ನೇರವಾಗಿದೆಯೋ, ಕೆಳಮುಖವಾಗಿದೆಯೋ?
3. ಬೆನ್ನಿನ ಈಜುರೆಕ್ಕೆ ಒಂದೋ, ಎರಡೋ? ಒಂದಾದರೆ ದೇಹದ ನಡುವೆ ಇದೆಯೋ, ಬಾಲದ ಸಮೀಪವಿದೆಯೋ?
4. ಮೈಮೇಲೆ ಗೆರೆ ಇದೆಯೋ, ಚುಕ್ಕೆ ಇದೆಯೋ? ಗೆರೆಯಾದರೆ ತಲೆಯಿಂದ ಬಾಲದ ಕಡೆಗೆ ಸಾಗುತ್ತದೆಯೋ, ಬೆನ್ನಿನಿಂದ ಹೊಟ್ಟೆಯ ಕಡೆಗೆ ಇಳಿಯುತ್ತದೆಯೋ?
5. ಬಾಲದ ತುದಿಯಲ್ಲಿ ಅಥವಾ ಬುಡದಲ್ಲಿ ವಿಶೇಷ ಗುರುತು ಇದೆಯೋ?

ಇ. ಸಿಹಿನೀರಿನ ತೋಡಿನಲ್ಲಿ ಕಾಣುವವು

ಮಾನತ್ತುಕಣ್ಣಿ. ವೈಜ್ಞಾನಿಕ ನಾಮ ಅಪ್ಲೋಕೈಲಸ್ ಲೀನಿಯೇಟಸ್. ಆಕಾಶವನ್ನು ನೋಡುವ ಕಣ್ಣುಳ್ಳದ್ದು ಎಂಬುದು ಈ ಮಲಯಾಳ ಹೆಸರಿನ ಅರ್ಥ. ಸದಾ ನೀರಿನ ಮೇಲ್ಮೈಯಲ್ಲೇ ಇರುತ್ತದೆ. ತಲೆ ಚಪ್ಪಟೆ, ಬಾಯಿ ಮೇಲ್ಮುಖ, ಬೆನ್ನಿನ ಈಜುರೆಕ್ಕೆ ಬಾಲದ ಹತ್ತಿರ. ಮೇಲಿನಿಂದ ನೋಡುವಾಗ ನೆತ್ತಿಯ ಮೇಲೆ ಹೊಳೆಯುವ ಬಿಳಿಯ ಚುಕ್ಕೆ ಕಾಣುವುದೇ ಇದರ ಖಚಿತ ಗುರುತು. ದೊಡ್ಡ ಹಿಂಡು ಕಟ್ಟುವುದಿಲ್ಲ. ಒಂಟಿಯಾಗಿಯೋ ಸಣ್ಣ ಗುಂಪಿನಲ್ಲೋ ಇರುತ್ತದೆ. ಸೊಳ್ಳೆಯ ಮರಿಗಳನ್ನು ತಿನ್ನುವುದರಿಂದ ನಮಗೆ ಉಪಕಾರಿ.

ರಾಸ್ಬೋರಾ ದಾಂಡಿಯಾ. ಮಲಯಾಳದಲ್ಲಿ ತುಪ್ಪಲುಕೊತ್ತಿ ಎಂದು ಕರೆಯುತ್ತಾರೆ. ನೀರಿಗೆ ಉಗುಳಿದರೆ ಓಡಿಬಂದು ಕುಕ್ಕುವ ಸ್ವಭಾವದಿಂದ ಬಂದ ಹೆಸರು. ನೀಳ ದೇಹ, ಬೆಳ್ಳಿಯ ಹೊಳಪು, ಮೂತಿಯಿಂದ ಬಾಲದ ಬುಡದವರೆಗೆ ಒಂದೇ ಕಪ್ಪು ಗೆರೆ.

ಡೆವಾರಿಯೋ ಮಲಬಾರಿಕಸ್. ಬೆಟ್ಟದ ತಪ್ಪಲಿನ ಕಲ್ಲುತೋಡುಗಳ ಮೀನು. ಬದಿಗಳಲ್ಲಿ ಉಕ್ಕಿನ ನೀಲಿಯ ಪಟ್ಟೆಗಳೂ ಅವುಗಳ ನಡುವೆ ಹಳದಿ ಗೆರೆಗಳೂ ಇವೆ. ಬಲು ಚುರುಕು, ಗುಂಪಾಗಿಯೇ ಇರುತ್ತದೆ.

ಓಪ್ಸೇರಿಯಸ್ ಕನರೆನ್ಸಿಸ್. ಹರಿಯುವ ನೀರನ್ನು ಬಯಸುವ ಮೀನು. ಬದಿಯಲ್ಲಿ ಎರಡು ಸಾಲು ನೀಲಗಪ್ಪು ಚುಕ್ಕೆಗಳಿರುವುದು ಗುರುತು. ‘ಕನರೆನ್ಸಿಸ್’ ಎಂದರೆ ಕೆನರಾ ಪ್ರದೇಶದ್ದು. 1849ರಲ್ಲಿ ಟಿ. ಸಿ. ಜೆರ್ಡನ್ ಇದನ್ನು ಹೆಸರಿಸಿದಾಗ ಕಾಸರಗೋಡು ಕೆನರಾ ಜಿಲ್ಲೆಯ ಭಾಗವಾಗಿತ್ತು. 1956ರಲ್ಲಿ ಗಡಿ ಬದಲಾಯಿತು. ಮೀನಿನ ಹೆಸರು ಮಾತ್ರ ಹಳೆಯ ನಾಡಿನ ನೆನಪನ್ನು ಉಳಿಸಿಕೊಂಡಿದೆ. ಸಮಾಜವಿಜ್ಞಾನದ ತರಗತಿಯಲ್ಲಿ ಇದನ್ನು ಪ್ರಸ್ತಾಪಿಸಬಹುದು.

ಡಾಕಿನ್ಸಿಯಾ ಫಿಲಮೆಂಟೋಸಾ. ಮಲಯಾಳದಲ್ಲಿ ಪೂವಾಲಿ ಪರಲ್. ಬಾಲದ ಬುಡಕ್ಕೆ ಸ್ವಲ್ಪ ಮುಂದೆ ದೊಡ್ಡ ಕಪ್ಪು ಮಚ್ಚೆ. ಬಾಲದ ಎರಡು ಕವಲುಗಳ ತುದಿಯಲ್ಲಿ ಕೆಂಪು ಮತ್ತು ಕಪ್ಪು ಬಣ್ಣ. ಬೆಳೆದ ಗಂಡಿನ ಬೆನ್ನಿನ ಈಜುರೆಕ್ಕೆಯಿಂದ ನೂಲಿನಂತಹ ಎಳೆಗಳು ಚಾಚಿರುತ್ತವೆ. ಮರಿಗಳ ಮೈಮೇಲೆ ಕಪ್ಪು ಪಟ್ಟೆಗಳಿದ್ದು ಅವು ಬೇರೊಂದು ಜಾತಿಯಂತೆ ತೋರುತ್ತವೆ. ಬಣ್ಣವನ್ನೇ ನಂಬಬಾರದೆಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಹಲುದಾರಿಯಾ ಫ್ಯಾಸಿಯೇಟಾ. ಬೆನ್ನಿನಿಂದ ಹೊಟ್ಟೆಯತ್ತ ಇಳಿಯುವ ಕಪ್ಪು ಪಟ್ಟೆಗಳುಳ್ಳ ಪುಟ್ಟ ಮೀನು. ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು, ಮಲಬಾರ್ ಮತ್ತು ಕೆನರಾ ಪ್ರದೇಶಗಳಲ್ಲಿ ಸಂಚರಿಸಿದ ವಿಚಾರ ನಮ್ಮ ಇತಿಹಾಸ ಪಾಠಗಳಿಂದ ಪರಿಚಿತ. ಅದೇ ಬುಕಾನನ್ ಮುಂದೆ ಗಂಗಾ ನದಿಯ ಮೀನುಗಳ ಕುರಿತು ಗ್ರಂಥ ರಚಿಸಿದರು. ಅದಕ್ಕಾಗಿ ಚಿತ್ರ ಬರೆದ ಹಲುದಾರ್ ಎಂಬ ಬಂಗಾಳಿ ಯುವಕನ ಗೌರವಾರ್ಥ ಈ ಕುಲಕ್ಕೆ 2013ರಲ್ಲಿ ಹಲುದಾರಿಯಾ ಎಂಬ ಹೆಸರನ್ನಿಡಲಾಯಿತು. ಚೆನ್ನಾಗಿ ನೋಡಿ ಚೆನ್ನಾಗಿ ಬರೆದ ಚಿತ್ರಕ್ಕೆ ವಿಜ್ಞಾನದಲ್ಲಿ ಎಂತಹ ಬೆಲೆಯಿದೆ ಎಂಬುದನ್ನು ಮಕ್ಕಳಿಗೆ ತಿಳಿಸಲು ಈ ಸಂಗತಿ ಉಪಯುಕ್ತ.

ಸಹ್ಯಾದ್ರಿಯಾ ಡೆನಿಸೋನಿ. ಮಲಯಾಳದಲ್ಲಿ ಚೆಂಕಣಿಯಾನ್, ಅಲಂಕಾರ ಮೀನಿನ ಪೇಟೆಯಲ್ಲಿ ಮಿಸ್ ಕೇರಳ. ಮೂತಿಯಿಂದ ಬಾಲದವರೆಗೆ ಕಪ್ಪು ಗೆರೆ, ಅದರ ಮೇಲ್ಗಡೆ ಮೂತಿಯಿಂದ ದೇಹದ ನಡುವಿನವರೆಗೆ ಉಜ್ಜ್ವಲವಾದ ಕೆಂಪು ಗೆರೆ. 1865ರಲ್ಲಿ ಫ್ರಾನ್ಸಿಸ್ ಡೇ ಇದನ್ನು ಹೆಸರಿಸಿದರು. ಪಶ್ಚಿಮ ಘಟ್ಟದ ಕೆಲವೇ ನದಿಗಳಲ್ಲಿ ಮಾತ್ರ ಬದುಕುವ ಈ ಮೀನಿನ ನೆಲೆಗಳಲ್ಲಿ ನಮ್ಮ ಚಂದ್ರಗಿರಿಯೂ ಒಂದು. ಅಲಂಕಾರಕ್ಕಾಗಿ ಅಪಾರ ಸಂಖ್ಯೆಯಲ್ಲಿ ಹಿಡಿದು ಮಾರಿದ್ದರಿಂದಲೂ ನೆಲೆಗಳು ಹಾಳಾದುದರಿಂದಲೂ ಇದು ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೊಳಗಾದ ಜಾತಿಯಾಗಿ ದಾಖಲಾಗಿದೆ.

ಇಲ್ಲಿ ಒಂದು ಹೋಲಿಕೆ ಮುಖ್ಯ. ರಾಸ್ಬೋರಾ ಮತ್ತು ಡೆನಿಸೋನಿ ಎರಡಕ್ಕೂ ಉದ್ದನೆಯ ಕಪ್ಪು ಗೆರೆಯಿದೆ. ಮೇಲಿನ ಕೆಂಪು ಗೆರೆಯನ್ನು ಗಮನಿಸದ ಹುಡುಗನ ಕೈಯಲ್ಲಿ ಅಪೂರ್ವ ಮೀನೊಂದು ಗಾಳದ ಎರೆಯಾಗಿ ಮುಗಿದುಹೋಗಬಹುದು. ಗುರುತಿಸುವ ವಿದ್ಯೆಯ ಬೆಲೆ ಇಂತಹ ಕಡೆ ಸ್ಪಷ್ಟವಾಗುತ್ತದೆ.

ಹೊರಗಿನಿಂದ ಬಂದವು. ಗಂಬೂಸಿಯಾ ಮತ್ತು ಗಪ್ಪಿ ಮೀನುಗಳನ್ನು ಸೊಳ್ಳೆ ನಿಯಂತ್ರಣಕ್ಕೆಂದು ಅಮೆರಿಕ ಖಂಡಗಳ ಮೂಲದಿಂದ ತರಲಾಯಿತು. ಇವೂ ಮೇಲ್ಮೈಯಲ್ಲೇ ಈಜುವುದರಿಂದ ಮಾನತ್ತುಕಣ್ಣಿ ಎಂದು ಭ್ರಮಿಸುವುದು ಸಹಜ. ಇವುಗಳ ನೆತ್ತಿಯಲ್ಲಿ ಬಿಳಿಯ ಚುಕ್ಕೆಯಿಲ್ಲ. ಮಾನತ್ತುಕಣ್ಣಿ ಜಲಸಸ್ಯಗಳ ನಡುವೆ ಮೊಟ್ಟೆಯಿಟ್ಟರೆ ಇವು ಮರಿಗಳನ್ನೇ ಹೆರುತ್ತವೆ. ಹೀಗೆ ಬೇಗನೆ ಹೆಚ್ಚುವ ಇವು ನಾಡಿನ ಮೀನುಗಳ ಆಹಾರಕ್ಕೂ ನೆಲೆಗೂ ಪೈಪೋಟಿಯೊಡ್ಡುತ್ತವೆ.

ಈ. ಅಳಿವೆಯಲ್ಲಿ ಕಾಣುವವು

ಮಂಜೇಶ್ವರ, ಉಪ್ಪಳ, ಕುಂಬಳೆ, ಮೊಗ್ರಾಲ್ ಮೊದಲಾದ ಕಡೆ ಸಮುದ್ರದ ಸಮೀಪವಿರುವ ಶಾಲೆಗಳಿಗೆ ಅಳಿವೆಯೇ ವೀಕ್ಷಣಾ ಸ್ಥಳ. ಬೇಸಗೆಯಲ್ಲಿ ಹೊಳೆಯ ಹರಿವು ಕುಗ್ಗಿದಂತೆ ಉಪ್ಪುನೀರು ಒಳನಾಡಿನತ್ತ ಏರಿಬರುತ್ತದೆ; ಅದರೊಡನೆ ಸಮುದ್ರದ ಮೀನಿನ ಮರಿಗಳೂ ಬರುತ್ತವೆ. ಇವುಗಳನ್ನು ಬೇರ್ಪಡಿಸಲು ಮೂರನೆಯ ಪ್ರಶ್ನೆ ಹೆಚ್ಚು ನೆರವಾಗುತ್ತದೆ.

ಬೆನ್ನಿನ ಮೇಲೆ ಪ್ರತ್ಯೇಕವಾದ ಎರಡು ಸಣ್ಣ ಈಜುರೆಕ್ಕೆಗಳು, ಅಗಲವಾದ ಚಪ್ಪಟೆ ತಲೆ ಇದ್ದರೆ ಅದು ಮಲಯಾಳದಲ್ಲಿ ತಿರುತ ಅಥವಾ ಕಣಂಬು ಎನ್ನುವ ಮೀನಿನ ಮರಿ. ದೇಹ ಗಾಜಿನಂತೆ ಪಾರದರ್ಶಕವಾಗಿದ್ದು ಒಳಗಿನ ಮುಳ್ಳಿನ ಸಾಲು ಕಾಣುತ್ತಿದ್ದರೆ ಅದು ಗಾಜುಮೀನಿನ ಗುಂಪಿಗೆ ಸೇರಿದ್ದು. ಬೆನ್ನಿನ ಈಜುರೆಕ್ಕೆ ಒಂದೇ ಇದ್ದು, ಮೂತಿ ಬಾಯಿಗಿಂತ ಮುಂದಕ್ಕೆ ಚಾಚಿಕೊಂಡು, ಬಾಯಿಯ ಸೀಳು ಕಣ್ಣಿನ ಹಿಂದಿನವರೆಗೆ ಹೋಗಿದ್ದರೆ ಅದು ಬೊಲೆಂಜಿರ್, ಅಂದರೆ ಮಲಯಾಳದ ನತ್ತೋಲಿ. ಈಜುರೆಕ್ಕೆ ಒಂದೇ ಇದ್ದು ಬಾಯಿ ಮೂತಿಯ ತುದಿಯಲ್ಲಿದ್ದು, ಹೊಟ್ಟೆಯ ಅಂಚು ಗರಗಸದಂತೆ ಒರಟಾಗಿದ್ದರೆ ಅದು ಬೂತಾಯಿಯ ಬಳಗ.

ಮರಿಗಳನ್ನು ಗುರುತಿಸುವುದು ಮೀನುಗಾರರ ಬದುಕಿಗೂ ಸಂಬಂಧಿಸಿದ ವಿಚಾರ. ಕೇರಳ ಸರಕಾರ 2015ರಲ್ಲಿ ಹಲವು ಮೀನುಗಳಿಗೆ ಹಿಡಿಯಬಹುದಾದ ಕನಿಷ್ಠ ಅಳತೆಯನ್ನು ನಿಗದಿಪಡಿಸಿತು. ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14 ಸೆಂಟಿಮೀಟರ್ ಎಂಬುದು ಆಗಿನ ನಿಯಮ. ಅಳತೆಪಟ್ಟಿಯ ಮೇಲೆ ಈ ಉದ್ದಗಳನ್ನು ತೋರಿಸಿ, ಮರಿಗಳನ್ನು ಹಿಡಿದರೆ ಮುಂದಿನ ವರ್ಷ ಏನಾಗುತ್ತದೆ ಎಂದು ಚರ್ಚಿಸಬಹುದು.

ಚಟುವಟಿಕೆಗಳು

ಚಟುವಟಿಕೆ 1: ಮೌನ ವೀಕ್ಷಣೆ. ತರಗತಿಯನ್ನು ಐದೈದು ಮಕ್ಕಳ ಗುಂಪುಗಳನ್ನಾಗಿ ಮಾಡಿರಿ. ನೆರಳಿರುವ ದಡದಲ್ಲಿ, ತಮ್ಮ ನೆರಳು ನೀರಿನ ಮೇಲೆ ಬೀಳದಂತೆ ಹತ್ತು ನಿಮಿಷ ಅಲುಗದೆ ಕುಳಿತುಕೊಳ್ಳಲಿ. ಚದುರಿದ ಮೀನುಗಳು ಮರಳಿ ಬರಲು ಅಷ್ಟು ಸಮಯ ಬೇಕು. ಬಳಿಕ ನಾಲ್ಕಾರು ಅನ್ನದ ಅಗುಳುಗಳನ್ನು ಹಾಕಿ, ಯಾವ ಮೀನು ಮೊದಲು ಬಂತು, ಯಾವ ಮಟ್ಟದಲ್ಲಿ ತಿಂದಿತು ಎಂದು ಬರೆದುಕೊಳ್ಳಲಿ.

ಚಟುವಟಿಕೆ 2: ಅಂದಾಜು ಎಣಿಕೆ. ಹಿಂಡಿನ ಒಂದು ಭಾಗದಲ್ಲಿರುವ ಹತ್ತು ಮೀನುಗಳು ಎಷ್ಟು ಜಾಗ ಹಿಡಿಯುತ್ತವೆ ಎಂದು ನೋಡಿ, ಇಡೀ ಹಿಂಡು ಅದರ ಎಷ್ಟು ಪಟ್ಟು ಎಂದು ಲೆಕ್ಕ ಹಾಕಲಿ. ಗುಂಪುಗಳ ಉತ್ತರಗಳು ಭಿನ್ನವಾಗಿರುತ್ತವೆ. ಅವುಗಳ ಸರಾಸರಿ ಕಂಡುಹಿಡಿಯುವುದು ಗಣಿತದ ಅಭ್ಯಾಸವಾಗುತ್ತದೆ.

ಚಟುವಟಿಕೆ 3: ರೇಖಾಚಿತ್ರ. ಪ್ರತಿಯೊಂದು ಮಗುವೂ ಒಂದು ಮೀನಿನ ಚಿತ್ರ ಬರೆದು, ಐದು ಪ್ರಶ್ನೆಗಳ ಉತ್ತರವನ್ನು ಅದರ ಸುತ್ತ ಗುರುತಿಸಲಿ. ಚಿತ್ರ ಸುಂದರವಾಗಬೇಕಾಗಿಲ್ಲ, ಸರಿಯಾಗಿರಬೇಕು. ಕಾಣದಿದ್ದ ಭಾಗವನ್ನು ಊಹಿಸಿ ಬರೆಯದೆ ‘ಕಾಣಲಿಲ್ಲ’ ಎಂದು ಬರೆಯಲು ಹೇಳಬೇಕು. ವಿಜ್ಞಾನದ ಪ್ರಾಮಾಣಿಕತೆಯ ಮೊದಲ ಪಾಠ ಅದೇ.

ಚಟುವಟಿಕೆ 4: ಹೆಸರುಗಳ ಪಟ್ಟಿ. ಮಕ್ಕಳು ತಮ್ಮ ಮನೆಯ ಹಿರಿಯರು, ನೆರೆಯ ಮೀನುಗಾರರು ಹಾಗೂ ಕೃಷಿಕರಿಂದ ತಾವು ಕಂಡ ಮೀನಿನ ಹೆಸರನ್ನು ಕೇಳಿ ಬರಲಿ. ಹೆಸರು, ಭಾಷೆ, ಹೇಳಿದವರು, ಹೆಸರಿನ ಅರ್ಥ ಎಂಬ ನಾಲ್ಕು ಅಂಕಣಗಳಲ್ಲಿ ಅದನ್ನು ಕನ್ನಡ ಲಿಪಿಯಲ್ಲಿ ದಾಖಲಿಸಲಿ.

ಕ್ರೋಡೀಕರಣ: ಹೆಸರಿನಲ್ಲಿರುವ ತಿಳಿವು

ನಾಲ್ಕನೆಯ ಚಟುವಟಿಕೆಗೆ ಅಧ್ಯಾಪಕರು ಹೆಚ್ಚು ಸಮಯ ನೀಡಬೇಕು. ಸಪ್ತಭಾಷಾ ಸಂಗಮಭೂಮಿ ಎನಿಸಿದ ನಮ್ಮ ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದ ಒಂದೇ ತರಗತಿಯಲ್ಲಿ ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಮತ್ತು ಕನ್ನಡವನ್ನು ಮನೆಯಲ್ಲಿ ಆಡುವ ಮಕ್ಕಳಿರುತ್ತಾರೆ. ಒಬ್ಬಳ ಬೂತಾಯಿ ಇನ್ನೊಬ್ಬನ ಮತ್ತಿ. ಒಬ್ಬನ ಬಂಗುಡೆ ಇನ್ನೊಬ್ಬಳ ಅಯಲ. ಪಾಠಪುಸ್ತಕದಲ್ಲಿರುವ ಹೆಸರೇ ಸರಿ, ಮನೆಯ ಹೆಸರು ತಪ್ಪು ಎಂಬ ಭಾವನೆ ಮಗುವಿನಲ್ಲಿ ಮೂಡಿದರೆ ಅದು ಆ ಹೆಸರಿನೊಡನೆ ಅದರೊಳಗಿನ ತಿಳಿವನ್ನೂ ಕೈಬಿಡುತ್ತದೆ. ಮಾನತ್ತುಕಣ್ಣಿ ಎಂಬ ಹೆಸರಿನಲ್ಲಿ ಕಣ್ಣಿನ ಸ್ಥಾನವಿದೆ, ತುಪ್ಪಲುಕೊತ್ತಿ ಎಂಬುದರಲ್ಲಿ ಸ್ವಭಾವವಿದೆ, ಪೂವಾಲಿ ಎಂಬುದರಲ್ಲಿ ಬಾಲದ ಚೆಲುವಿದೆ. ಪುಸ್ತಕವಿಲ್ಲದ ಕಾಲದಲ್ಲಿ ಗುರುತಿಸುವ ಕೈಪಿಡಿಯಾಗಿದ್ದುದು ಈ ಹೆಸರುಗಳೇ.

ಜಾತಿಯೊಂದಕ್ಕೆ ಊರೂರಿಗೆ ಬೇರೆ ಹೆಸರುಗಳಿರುವುದರಿಂದಲೇ ದ್ವಿನಾಮ ಪದ್ಧತಿ ಬೇಕಾಯಿತು ಎಂಬ ತೀರ್ಮಾನಕ್ಕೆ ಮಕ್ಕಳು ಈ ಪಟ್ಟಿಯ ಮೂಲಕ ತಾವಾಗಿಯೇ ಬರುತ್ತಾರೆ. ಕನ್ನಡ ಬರವಣಿಗೆಯಲ್ಲಿ ಹಿಂದುಳಿದ, ಆದರೆ ಕಡಲ ತೀರದ ಅಥವಾ ಹೊಳೆ ಬದಿಯ ಮನೆಯಿಂದ ಬರುವ ಮಗು ಈ ದಿನ ತರಗತಿಗೆ ಗುರುವಾಗಬಲ್ಲದು. ಆ ಅವಕಾಶವನ್ನು ತಪ್ಪದೆ ಕೊಡಬೇಕು. ಮೀನು ತಿನ್ನದ ಮನೆಗಳ ಮಕ್ಕಳೂ ತರಗತಿಯಲ್ಲಿರುತ್ತಾರೆ. ಆಹಾರದ ಚರ್ಚೆ ಯಾರ ಪದ್ಧತಿಯನ್ನೂ ಹಳಿಯುವ ಹಾದಿ ಹಿಡಿಯದಂತೆ ಎಚ್ಚರ ವಹಿಸಬೇಕು.

ಚರ್ಚೆ: ಗುಂಡಿಯ ನೀರು, ಮುಂಗಾರಿನ ಮೀನು

ಮುಂಗಾರಿನ ಮೊದಲ ಮಳೆಗಳಲ್ಲಿ ಹೊಳೆಯ ಮೀನುಗಳು ಮೊಟ್ಟೆಯಿಡಲು ತೋಡು ಮತ್ತು ಗದ್ದೆಗಳತ್ತ ಏರಿಬರುವುದನ್ನು ಮಲಯಾಳದಲ್ಲಿ ಊತ್ತ ಎನ್ನುತ್ತಾರೆ. ಜೂನ್ ತಿಂಗಳಲ್ಲಿ ಹೀಗೆ ಏರಿಬರಬೇಕಾದ ಮೀನುಗಳೆಲ್ಲ ಮಾರ್ಚ್-ಎಪ್ರಿಲ್‌ನಲ್ಲಿ ಬತ್ತುತ್ತಿರುವ ಗುಂಡಿಗಳಲ್ಲೂ ಹೊಳೆಯ ಕಯಗಳಲ್ಲೂ ಉಳಿದಿರುತ್ತವೆ. ಆದುದರಿಂದ ಬೇಸಗೆಯ ಒಂದು ಗುಂಡಿಗೆ ವಿಷ ಹಾಕಿದರೆ ಅಥವಾ ತೋಟೆ ಸಿಡಿಸಿದರೆ ಅಂದಿನ ಮೀನುಗಳಷ್ಟೇ ಅಲ್ಲ, ಮುಂದಿನ ಮಳೆಗಾಲದ ಸಂತಾನವೂ ನಾಶವಾಗುತ್ತದೆ. ಸ್ಫೋಟಕ ಮತ್ತು ವಿಷ ಬಳಸಿ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕಾ ಕಾಯಿದೆಯೇ ನಿಷೇಧಿಸಿದೆ.

ನೀರಿಗೆ ಸೇರಿದ ವಿಷದ ಮೊದಲ ಸಾಕ್ಷಿ ಕಿರುಮೀನು ಎಂಬುದನ್ನು ನಮ್ಮ ಜಿಲ್ಲೆಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಸರಕಾರಿ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರ್ ಮೂಲಕ ಸಿಂಪಡಿಸಲಾದ ಎಂಡೋಸಲ್ಫಾನ್ ಮೀನುಗಳಿಗೆ ಅತ್ಯಂತ ಮಾರಕವಾದ ಕೀಟನಾಶಕ. ಎಣ್ಮಕಜೆಯ ಪಡ್ರೆ ಮುಂತಾದ ಗ್ರಾಮಗಳಲ್ಲಿ ತೋಡಿನ ನೀರನ್ನೇ ಆಶ್ರಯಿಸಿದ್ದ ಜನರು ಅನುಭವಿಸಿದ ನೋವು ಈಗಲೂ ಮುಗಿದಿಲ್ಲ. ಸರ್ವೋಚ್ಚ ನ್ಯಾಯಾಲಯವು 2011ರ ಮೇ ತಿಂಗಳಲ್ಲಿ ದೇಶಾದ್ಯಂತ ಅದರ ಉತ್ಪಾದನೆ ಮತ್ತು ಬಳಕೆಯನ್ನು ತಡೆಯಿತು. ಸಂತ್ರಸ್ತ ಕುಟುಂಬಗಳ ಮಕ್ಕಳು ತರಗತಿಯಲ್ಲಿರಬಹುದಾದುದರಿಂದ ಈ ಭಾಗವನ್ನು ಸಂಯಮದಿಂದ, ಯಾರತ್ತಲೂ ಬೆರಳು ತೋರದೆ ಮಂಡಿಸಬೇಕು. ತೋಡಿನ ಹಿಂಡು ಒಮ್ಮೆಗೇ ಮಾಯವಾದರೆ ಅದನ್ನು ಗಮನಿಸಿ ದೊಡ್ಡವರಿಗೆ ತಿಳಿಸಬೇಕು ಎಂಬ ಪ್ರಜ್ಞೆ ಮಕ್ಕಳಲ್ಲಿ ಮೂಡಿದರೆ ಚರ್ಚೆ ಸಾರ್ಥಕ. ನಿತ್ಯವೂ ಇದ್ದುದನ್ನು ಹೆಸರು ಹಿಡಿದು ಬಲ್ಲವನಿಗೆ ಮಾತ್ರ ಅದು ಇಲ್ಲವಾದುದು ತಿಳಿಯುತ್ತದೆ.

ಮುನ್ನೆಚ್ಚರಿಕೆಗಳು

1. ಮುಖ್ಯೋಪಾಧ್ಯಾಯರ ಮತ್ತು ಹೆತ್ತವರ ಅನುಮತಿ ಪಡೆದಿರಬೇಕು. ಕನಿಷ್ಠ ಇಬ್ಬರು ವಯಸ್ಕರು ಜೊತೆಗಿರಬೇಕು. ಅವರಲ್ಲೊಬ್ಬರು ಈಜು ಬಲ್ಲವರಾಗಿರಬೇಕು.
2. ಅಧ್ಯಾಪಕರು ಹಿಂದಿನ ದಿನವೇ ಸ್ಥಳವನ್ನು ಪರಿಶೀಲಿಸಬೇಕು. ಕಯಗಳ ಬಳಿಗೆ ಮಕ್ಕಳನ್ನು ಒಯ್ಯಬಾರದು. ಅಳಿವೆಯಲ್ಲಿ ನೀರಿಗಿಳಿಯಬಾರದು.
3. ಮೀನನ್ನು ಹಿಡಿಯದೆ ನೋಡುವುದೇ ನಿಯಮ. ಅನಿವಾರ್ಯವಾದರೆ ಅಧ್ಯಾಪಕರೇ ಒಂದೆರಡನ್ನು ನೀರು ತುಂಬಿದ ಪಾರದರ್ಶಕ ಪಾತ್ರೆಯಲ್ಲಿ ತೋರಿಸಿ, ಐದು ನಿಮಿಷದೊಳಗೆ ಅದೇ ಗುಂಡಿಗೆ ಮರಳಿ ಬಿಡಬೇಕು. ಒಂದು ತೋಡಿನ ಮೀನನ್ನು ಇನ್ನೊಂದಕ್ಕೆ ಬಿಡಬಾರದು.
4. ಸಾಕಿದ ಅಲಂಕಾರ ಮೀನುಗಳನ್ನು ತೋಡಿಗಾಗಲಿ ಪಳ್ಳಕ್ಕಾಗಲಿ ಬಿಡಬಾರದೆಂದು ಮಕ್ಕಳಿಗೆ ಸ್ಪಷ್ಟವಾಗಿ ತಿಳಿಸಬೇಕು.

ಮೌಲ್ಯಮಾಪನ

1. ರಾಸ್ಬೋರಾ ಮತ್ತು ಡೆನಿಸೋನಿ ಮೀನುಗಳಿಗಿರುವ ಒಂದು ಸಾಮ್ಯ ಮತ್ತು ಒಂದು ವ್ಯತ್ಯಾಸವನ್ನು ಬರೆಯಿರಿ.
2. ಮೇಲ್ಮೈಯಲ್ಲಿ ಈಜುವ ಮೀನಿಗೆ ಮೇಲ್ಮುಖವಾದ ಬಾಯಿ ಹೇಗೆ ಪ್ರಯೋಜನಕಾರಿ?
3. ನೀವು ಸಂಗ್ರಹಿಸಿದ ಒಂದು ಹೆಸರನ್ನು ಆರಿಸಿ, ಅದು ಮೀನಿನ ಯಾವ ಲಕ್ಷಣವನ್ನು ಸೂಚಿಸುತ್ತದೆ ಎಂದು ವಿವರಿಸಿರಿ.
4. ‘ಬತ್ತುವ ಗುಂಡಿಯ ಮೀನು ಹೇಗಾದರೂ ಸಾಯುತ್ತದೆ, ಹಿಡಿದರೆ ತಪ್ಪೇನು?’ ಎಂದು ಕೇಳುವ ಗೆಳೆಯನಿಗೆ ಉತ್ತರವಾಗಿ ಒಂದು ಪತ್ರ ಬರೆಯಿರಿ.

ನಾಲ್ಕನೆಯ ಪ್ರಶ್ನೆಗೆ ಒಂದೇ ಸಿದ್ಧ ಉತ್ತರವನ್ನು ನಿರೀಕ್ಷಿಸಬಾರದು. ಪೂರ್ತಿ ಬತ್ತುವ ಗುಂಡಿ ಯಾವುದು, ಮಳೆಯವರೆಗೆ ಉಳಿಯುವ ಗುಂಡಿ ಯಾವುದು ಎಂಬ ಭೇದವನ್ನು ಮಗು ಕಂಡುಕೊಂಡರೆ ಅದನ್ನು ವಿಶೇಷವಾಗಿ ಪರಿಗಣಿಸಬೇಕು.

ಮುಂದುವರಿಕೆ

ಮಕ್ಕಳ ಚಿತ್ರಗಳು, ಎಣಿಕೆ ಮತ್ತು ಹೆಸರಿನ ಪಟ್ಟಿಗಳನ್ನು ಒಂದು ದಾಖಲೆ ಪುಸ್ತಕವಾಗಿ ಕಟ್ಟಿ ಶಾಲಾ ಗ್ರಂಥಾಲಯದಲ್ಲಿ ಇಡಬೇಕು. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪಂಚಾಯತ್ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿದ್ದು, ಜನರ ತಿಳಿವಳಿಕೆಯನ್ನು ದಾಖಲಿಸುವ ಹೊಣೆ ಅವುಗಳಿಗಿದೆ. ದಾಖಲೆ ಪುಸ್ತಕದ ಒಂದು ಪ್ರತಿಯನ್ನು ಆ ಸಮಿತಿಗೆ ನೀಡಿದರೆ ಕನ್ನಡ ಲಿಪಿಯಲ್ಲಿ ಬರೆದ ಹೆಸರುಗಳೂ ಅಲ್ಲಿ ಸ್ಥಾನ ಪಡೆಯಬಹುದು. ಜೂನ್ ತಿಂಗಳಲ್ಲಿ ಶಾಲೆ ತೆರೆದ ಬಳಿಕ, ಮಳೆ ಬಿಡುವು ಕೊಟ್ಟ ದಿನ, ಸುರಕ್ಷಿತ ದೂರದಿಂದ ಅದೇ ತೋಡನ್ನು ಮತ್ತೊಮ್ಮೆ ನೋಡಿ ಬದಲಾವಣೆಗಳನ್ನು ಅದೇ ಪುಸ್ತಕದಲ್ಲಿ ದಾಖಲಿಸಬೇಕು. ಮುಂದಿನ ವರ್ಷದ ಮಕ್ಕಳು ಅಲ್ಲಿಂದ ಮುಂದುವರಿಸಲಿ.